ಮಗ್ಗೆಯಲ್ಲಿ ಬೆಳೆದ ಒಂದು ಹಿಡಿ ದ್ರಾಕ್ಷಿ

ಮೊನ್ನೆ ಆಲೂರು ಸಂತೆಯಲ್ಲಿ ತಳ್ಳುಗಾಡಿಯ ತುಂಬ ಕಪ್ಪು ದ್ರಾಕ್ಷಿ. ಬಿಸಿಲಿಗೆ ಕೆಲವು ಹಣ್ಣು ಒಡೆದು ಹುಳಿ ಬೆರೆತ ಸಿಹಿ ವಾಸನೆ ಎದ್ದಿತ್ತು. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ, ನನಗಂತೂ ನನ್ನ ತಾಯಿಯ ತಮ್ಮ, ಮಗ್ಗೆಯ ಶಿವಣ್ಣ ಮಾವ.

ಮಾವ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಬಂಗಲೆಯಲ್ಲಿ ಯಾರೋ ಕೊಟ್ಟ ಅರ್ಧ ಲೋಟ ವೈನು ಅವನ ತಲೆ ಕೆಡಿಸಿತು. ಹೊರದೇಶದ ಯಾವುದೋ ಬೆಟ್ಟದ ದ್ರಾಕ್ಷಿಯದಂತೆ. "ಅವರ ಬೆಟ್ಟದಾಗೆ ಬೆಳೆಯೋದು ನಮ್ಮ ಬೆಟ್ಟದಾಗೆ ಯಾಕೆ ಬೆಳೆಯಲ್ಲ?" ಎಂದವನೇ ಮನೆಯ ಹಿಂದಿನ ಇಪ್ಪತ್ತು ಕಾಫಿ ಗಿಡ ಕಡಿದು ದ್ರಾಕ್ಷಿ ಬಳ್ಳಿ ನೆಟ್ಟ. ಅವು ಮಾವನ ಹೆಂಡತಿ ಗೌರತ್ತೆ ಮದುವೆಯಾಗಿ ಬಂದ ವರ್ಷ ತನ್ನ ಕೈಯಾರೆ ನೆಟ್ಟ ಗಿಡಗಳು. ಅತ್ತೆ ಬಯ್ಯಲಿಲ್ಲ. ಮಾವನ ಜೊತೆ ಮಾತು ಬಿಟ್ಟಳು, ಅಷ್ಟೆ.

ಎರಡು ಮಳೆಗಾಲ ಎಲೆಗೆಲ್ಲ ಬೂಷ್ಟು ಹಿಡಿಯಿತು. ಮೂರನೆಯ ವರ್ಷ ಒಂದು ಹಿಡಿ ಹಣ್ಣು ಬಿಟ್ಟಿತು. ರಜೆಗೆ ಹೋಗಿದ್ದ ನನ್ನ ಮುಂದೆ ಮಾವ ಅದನ್ನು ತಟ್ಟೆಯಲ್ಲಿ ತಂದಿಟ್ಟ. ಕಾಲೇಜು ಓದುವ ಅಳಿಯ ಎಲ್ಲ ಬಲ್ಲವನೆಂಬ ಗೌರವ! ಬಾಯಿಗಿಟ್ಟರೆ ಹಲ್ಲು ಚುಳ್ಳೆಂದಿತು. ಮಾವನ ಮುಖ ನೋಡಿ, "ಸಿಹಿ ಐತೆ ಮಾವ" ಅಂದುಬಿಟ್ಟೆ. ಅಂದ ಮೇಲೆ ಮರ್ಯಾದೆಗೆ ಅಷ್ಟನ್ನೂ ನಾನೇ ತಿನ್ನಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹಂಗಾದ್ರೆ ನಾಳೆಯಿಂದ ಬಳ್ಳಿಗೆ ನಾನೂ ಗೊಬ್ಬರ ಹಾಕ್ತೀನಿ" ಅಂದಳು. ಮೂರು ವರ್ಷದ ಮೇಲೆ ಅವಳು ಮಾವನಿಗೆ ಆಡಿದ ಮೊದಲ ಮಾತು ಅದು.

ಇನ್ನೆರಡು ವರ್ಷ ಇಬ್ಬರೂ ದುಡಿದರು. ಹಣ್ಣು ಮಾತ್ರ ಬಿಡಲಿಲ್ಲ. ಕೊನೆಗೆ ಮಾವ ಚಿಕ್ಕಬಳ್ಳಾಪುರದ ಕಡೆ ಹೋಗಿ ಒಂದು ತೋಟ ನೋಡಿದ. ಅಲ್ಲಿಯ ಮುದುಕಿಯೊಬ್ಬಳು, "ಹಣ್ಣು ಮಾಗೋ ಹೊತ್ತಿಗೆ ಮಳೆ ಇರಬಾರ್ದು ಸ್ವಾಮಿ. ನಿಮ್ಮೂರಲ್ಲಿ ಮಳೆ ಯಾವಾಗ ನಿಲ್ಲುತ್ತೆ?" ಎಂದು ಕೇಳಿದಳಂತೆ. ಮಾವ ಎರಡು ಪೆಟ್ಟಿಗೆ ಹಣ್ಣು ಹೊತ್ತು ಬಂದು, ಬಳ್ಳಿ ಕಿತ್ತು, ಅಲ್ಲಿ ಮತ್ತೆ ಕಾಫಿ ಸಸಿ ಇಟ್ಟ. ಅಂದಿನಿಂದ ಪ್ರತಿ ವರ್ಷ ಮನೆಯಲ್ಲಿ ಮಾಡುವ ವೈನು ಚಿಕ್ಕಬಳ್ಳಾಪುರದ ಹಣ್ಣಿನದೇ. ಜಾಡಿಗೆ ಬಟ್ಟೆ ಕಟ್ಟಿ ದಿನವೂ ತಿರುವುವುದು ಅತ್ತೆ. ಒಂದು ತೊಟ್ಟೂ ಕುಡಿಯದವಳು, ಮೂಸಿ ನೋಡಿಯೇ ಹದ ಹೇಳುತ್ತಾಳೆ.

ಮೊನ್ನೆ ಆ ಸಂತೆಯ ಹಣ್ಣು ಕೊಂಡು ಮಗ್ಗೆಯ ಬಸ್ಸು ಹತ್ತಿದೆ. ಜಗಲಿಯಲ್ಲಿ ಮೂವರೂ ಕೂತು ಹಣ್ಣು ಬಿಡಿಸುವಾಗ ಹೇಳಿಯೇಬಿಟ್ಟೆ: "ಮಾವ, ಅವತ್ತಿನ ಹಣ್ಣು ಸಿಹಿ ಇರಲಿಲ್ಲ. ಸುಳ್ಳು ಹೇಳಿದ್ದೆ."

"ಗೊತ್ತಿತ್ತು ಕಣೋ," ಮಾವ ತಲೆ ಎತ್ತಲಿಲ್ಲ. "ನಿನಗಿಂತ ಮುಂಚೆ ನಾನೇ ತಿಂದು ನೋಡಿದ್ದೆ. ಯಾರಾದ್ರೂ ಒಬ್ರು ಸಿಹಿ ಅನ್ಲಿ ಅಂತ ಕಾಯ್ತಿದ್ದೆ."

ಅತ್ತೆಯ ಕೈ ನಿಂತಿತು. "ಹಂಗಾದ್ರೆ ಆ ಎರಡು ವರ್ಷ ನಂಬಿದ್ದೋಳು ನಾನೊಬ್ಳೇ."

ಅವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಜಗಿದು, ಗೊಂಚಲನ್ನು ನಮ್ಮ ಕಡೆ ಚಾಚಿದಳು.

"ಇದು ಸಿಹಿ ಐತೆ. ತಗೊಳ್ಳಿ."