ಗರಿಫುನಾ ಡ್ರಮ್ ನನ್ನ ತಪ್ಪು ತಿದ್ದಿದ ಮಧ್ಯಾಹ್ನ

ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಅಪ್ಪ ಅಮ್ಮಂದಿರು ಆಫೀಸಿನಿಂದ ಬರುವವರೆಗೆ ಇಪ್ಪತ್ತು ಮಕ್ಕಳು ನಮ್ಮ ಪಾಲಿಗೆ. ಅವರಲ್ಲಿ ಏಳು ವರ್ಷದ ನನ್ನ ಮಗಳೂ ಒಬ್ಬಳು. ನನ್ನ ಜೊತೆ ಕೆಲಸ ಮಾಡುವಾಕೆ ಬೆಲೀಜ್ ದೇಶದ ಗರಿಫುನಾ ಜನಾಂಗದವಳು. ಬೆಲೀಜ್ ಎಲ್ಲಿದೆ ಎಂದು ಮೊದಲ ದಿನ ಕೇಳಿದ್ದಕ್ಕೆ, "ಮೈಸೂರು ಎಲ್ಲಿದೆ?" ಎಂದು ತಿರುಗಿ ಕೇಳಿ ನಕ್ಕಿದ್ದಳು. ಅಲ್ಲಿಂದ ಸ್ನೇಹ.

ಕಳೆದ ವರ್ಷ ಒಂದು ಶುಕ್ರವಾರ ಆಕೆ ತನ್ನ ಜನರ ಸಂಗೀತ, ಕುಣಿತ, ಕಥೆಯನ್ನು ಮಕ್ಕಳಿಗೆ ಪರಿಚಯಿಸುವುದೆಂದು ನಿಶ್ಚಯವಾಗಿತ್ತು. ಮರದ ಕಾಂಡ ಕೊರೆದು ಚರ್ಮ ಬಿಗಿದ ಡ್ರಮ್ಮನ್ನು ಕೂಸಿನಂತೆ ಅಪ್ಪಿಕೊಂಡು ಬಂದಳು. ಬಾಯಿ ತೆರೆದಳು. ಹಳೆಯ ಬಾಗಿಲು ಕಿರುಗುಟ್ಟಿದಂತಾಯಿತು, ಅಷ್ಟೇ. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಿಳಿ ಹಲಗೆಯ ಮೇಲೆ ಬರೆದಳು: "ನಾನು ಬಾರಿಸ್ತೀನಿ. ನೀನು ಹೇಳು."

"ನಾನಾ? ನಂಗೇನ್ ಗೊತ್ತು?"

"ಒಂದ್ ವರ್ಷದಿಂದ ಊಟದ ಹೊತ್ತಲ್ಲಿ ಹೇಳ್ತಾನೇ ಇದ್ದೀನಿ. ಕೇಳಿಸ್ಕೊಂಡಿದ್ದೀಯಾ ನೋಡೋಣ," ಎಂದು ಕೆಳಗೆ ಬರೆದಳು.

ಮಕ್ಕಳು ಸುತ್ತ ಕುಳಿತರು. ನಾನು ಶುರುಮಾಡಿದೆ. "ತುಂಬಾ ಹಿಂದೆ, ಕೆರಿಬಿಯನ್ ಸಮುದ್ರದಲ್ಲಿ, ಸೇಂಟ್ ವಿನ್ಸೆಂಟ್ ಅನ್ನೋ ದ್ವೀಪದಲ್ಲಿ ಗರಿಫುನಾ ಜನ ಗುಲಾಮರಾಗಿದ್ರು..."

ಢಮ್ ಢಮ್!

ಡ್ರಮ್ಮಿನ ಹಿಂದಿನಿಂದ ಎರಡು ಕಣ್ಣು ನನ್ನನ್ನು ದುರುಗುಟ್ಟಿ ನೋಡುತ್ತಿದ್ದವು. ಥಟ್ಟನೆ ನೆನಪಾಯಿತು. "ಇಲ್ಲ ಇಲ್ಲ, ಗುಲಾಮರಾಗಿರ್ಲಿಲ್ಲ! ಆಫ್ರಿಕಾದವರೂ ದ್ವೀಪದ ಮೂಲ ಜನರೂ ಸೇರ್ಕೊಂಡು ಒಂದೇ ಜನ ಆದ್ರು. ಯಾರ ಕೈಕೆಳಗೂ ಇರ್ಲಿಲ್ಲ." ಡ್ರಮ್ ಮೆಲ್ಲಗೆ ಗುನುಗಿತು. ಸರಿ, ಮುಂದೆ ಹೇಳು ಎಂದು ಅರ್ಥ.

ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೆ? ನಾನು ಯಾವಾಗ ಎಡವುತ್ತೇನೆಂದೇ ಕಾಯತೊಡಗಿದರು. ನಾನೂ ಅವರಿಗೆ ನಿರಾಸೆ ಮಾಡಲಿಲ್ಲ. ಗರಿಫುನಾ ಜನರನ್ನು ಯುದ್ಧದಲ್ಲಿ ಸೋಲಿಸಿದ್ದು ಫ್ರೆಂಚರು ಎಂದೆ. ಢಮ್ ಢಮ್! ಬ್ರಿಟಿಷರು. ಸೋತವರನ್ನು ಹಡಗಿಗೆ ತುಂಬಿ ನೇರ ಬೆಲೀಜಿಗೆ ಕಳಿಸಿದರು ಎಂದೆ. ಢಮ್ ಢಮ್! ಕಳಿಸಿದ್ದು ರೊವಾಟಾನ್ ಎಂಬ ಇನ್ನೊಂದು ದ್ವೀಪಕ್ಕೆ; ಬೆಲೀಜಿಗೆ ಬಂದದ್ದು ಆಮೇಲೆ, ದೋಣಿಗಳಲ್ಲಿ.

"ಎಷ್ಟೋ ಜನ ದಾರಿಯಲ್ಲೇ ಸತ್ತುಹೋದ್ರು," ಎಂದಾಗ ಮಾತ್ರ ಡ್ರಮ್ ಸುಮ್ಮನಿತ್ತು. ಹೆಂಗಸರು ಮರಗೆಣಸನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಹಡಗು ಹತ್ತಿದರಂತೆ, ಹೊಸ ನೆಲದಲ್ಲಿ ನೆಡಲು. ಇದು ನನ್ನ ಸ್ನೇಹಿತೆಯ ಅಜ್ಜಿ ಹೇಳುತ್ತಿದ್ದ ಮಾತು.

"ನೀವಾಗಿದ್ರೆ ಏನ್ ಬಚ್ಚಿಟ್ಕೋತಿದ್ರಿ?" ಎಂದು ಕೇಳಿದೆ.

ಒಬ್ಬ ನಾಯಿ ಎಂದ. ಒಬ್ಬಳು ಐಪ್ಯಾಡ್ ಎಂದಳು. ನನ್ನ ಮಗಳು ಕುಳಿತಲ್ಲಿಂದ ಚಿಮ್ಮಿ ಎದ್ದಳು. "ಕರಿಬೇವು! ಮೈ ಅಜ್ಜಿ ಡಿಡ್ ಇಟ್! ಇನ್ ಹರ್ ಸ್ಯಾರಿ!"

ಅಜ್ಜಿ ಎಂದರೆ ನನ್ನಮ್ಮ; ಮೈಸೂರಿನಿಂದ ನಮ್ಮನ್ನು ನೋಡಲು ಬಂದಿದ್ದಾಗಿನ ಸಂಗತಿ. ಆಸ್ಟ್ರೇಲಿಯಾಕ್ಕೆ ಹಸಿ ಸೊಪ್ಪು ತರುವಂತಿಲ್ಲ. ಸಾಲದ್ದಕ್ಕೆ, ಮಗಳ ಪಕ್ಕದಲ್ಲೇ ಕುಳಿತಿದ್ದ ಗೆಳತಿಯ ಅಪ್ಪನ ಕೆಲಸ ಏರ್‌ಪೋರ್ಟಿನಲ್ಲಿ ಬಂದವರ ಚೀಲ ತಪಾಸಣೆ ಮಾಡುವುದು. "ಐ ಆಮ್ ಟೆಲ್ಲಿಂಗ್ ಮೈ ಡ್ಯಾಡ್," ಎಂದಳು ಆ ಹುಡುಗಿ, ಬಹಳ ಗಂಭೀರವಾಗಿ. ನನ್ನ ಸ್ನೇಹಿತೆ ಡ್ರಮ್ಮಿಗೆ ಹಣೆ ಒತ್ತಿ, ಸದ್ದಿಲ್ಲದೆ ಭುಜ ಕುಲುಕಿಸಿ ನಗುತ್ತಿದ್ದಳು.

"ಸರಿ, ಈಗ ಡ್ಯಾನ್ಸ್!" ಎಂದು ಅವಸರದಿಂದ ಕೂಗಿದೆ.

ಗರಿಫುನಾ ಜನರದ್ದು ಒಂದು ಮುಖವಾಡದ ಕುಣಿತವಿದೆ. ಅದರಲ್ಲಿ ಕುಣಿಯುವವರು ಡ್ರಮ್ಮಿನ ತಾಳಕ್ಕೆ ಹೆಜ್ಜೆ ಹಾಕುವುದಿಲ್ಲ. ಬಾರಿಸುವವರೇ ಕುಣಿಯುವವರ ಕಾಲು ನೋಡಿಕೊಂಡು ಬಾರಿಸಬೇಕು. ಕುಣಿಯುವ ಸರದಿ ಬರುವವರೆಗೆ ಮಕ್ಕಳು ಖಾಲಿ ಐಸ್‌ಕ್ರೀಂ ಡಬ್ಬಗಳ ಮೇಲೆ ತಾಳ ಹಿಡಿದರು. ನನ್ನ ಮಗಳು ನಡುವೆ ನಿಂತು ಒಂದು ಕಾಲು ಅಪ್ಪಳಿಸಿದಳು: ಢಮ್. ಎರಡು ಸಲ: ಢಮ್ ಢಮ್. ಒಂಟಿ ಕಾಲಲ್ಲಿ ನಿಂತುಬಿಟ್ಟಳು. ಸ್ನೇಹಿತೆಯ ಕೈಗಳೂ ಗಾಳಿಯಲ್ಲೇ ನಿಂತವು. ದೊಡ್ಡವರೊಬ್ಬರು ತನ್ನ ಕಾಲಿಗಾಗಿ ಹೀಗೆ ಉಸಿರು ಹಿಡಿದು ಕಾಯುವುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಸರದಿ ಬಿಟ್ಟುಕೊಡಲು ಒಪ್ಪಲೇ ಇಲ್ಲ. ಕೊನೆಗೆ ಎತ್ತಿ ಕೂರಿಸಬೇಕಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಆ ಏರ್‌ಪೋರ್ಟಿನ ಅಪ್ಪ. ಸಮವಸ್ತ್ರ, ದಪ್ಪ ಬೂಟು. ಅವನ ಮಗಳು ಓಡಿಹೋಗಿ ಕಿವಿಯಲ್ಲಿ ಎಲ್ಲವನ್ನೂ ಒಪ್ಪಿಸಿದಳು. ಅವನು ನನ್ನ ಹತ್ತಿರ ಬಂದ.

"ನಿಮ್ಮಮ್ಮ ಮತ್ತೆ ಯಾವಾಗ ಬರ್ತಾರೆ?"

"ದೀಪಾವಳಿ ಮುಗಿದ ಮೇಲೆ," ಎಂದೆ.

"ಈ ಸಲ ವಿಮಾನದಲ್ಲಿ ಕೊಡೋ ಫಾರ್ಮಲ್ಲಿ ಬರೆದು, ನಮಗೆ ತೋರ್ಸಕ್ಕೆ ಹೇಳಿ," ಎಂದವನು ಇನ್ನು ತಡೆಯಲಾರದೆ ಜೋರಾಗಿ ನಕ್ಕುಬಿಟ್ಟ.

ಅವನ ಮಗಳು ಅವನನ್ನು ಸುತ್ತಿನೊಳಕ್ಕೆ ಎಳೆದಳು. ನನ್ನ ಮಗಳು ನನ್ನನ್ನು. ಅವನ ಬೂಟಿಗೊಂದು ಸದ್ದು, ನನ್ನ ಚಪ್ಪಲಿಗೊಂದು ಸದ್ದು, ಡ್ರಮ್ ಎರಡನ್ನೂ ಬಿಡದೆ ಹಿಡಿಯಿತು. ಭಯ ಹೋಗಿ ನಾನೂ ನಕ್ಕೆ.

ಆರು ಗಂಟೆಗೆ ಬಾಗಿಲು ಹಾಕಿದೆವು. ಕಾರ್ ನಿಲ್ಲಿಸುವ ಜಾಗದಲ್ಲಿ ಇಬ್ಬರು ಹುಡುಗಿಯರೂ ಇನ್ನೂ ಧಪಧಪ ಹೆಜ್ಜೆ ಹಾಕುತ್ತಿದ್ದರು, ಹಿಂತಿರುಗಿ ನೋಡುತ್ತಾ. ನನ್ನ ಸ್ನೇಹಿತೆ ಡ್ರಮ್ಮನ್ನು ಕಂಕುಳಲ್ಲಿ ಇರುಕಿಕೊಂಡು, ಅವರು ಕಾರು ಹತ್ತುವವರೆಗೂ ಒಂದೇ ಕೈಯಲ್ಲಿ ಅವರ ಕಾಲಿಗೆ ಸರಿಯಾಗಿ ಬಾರಿಸುತ್ತಾ ನಡೆದಳು.