ನರಳಿಕೆ ನನ್ನದು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ನನ್ನನ್ನು ಇನ್ನೂ ಹೆಚ್ಚು ಬೈಯುವುದು ಬೇಡ. ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಒಂದು ದಿನವೂ ನರಳಿದವಳಲ್ಲ. ಬಸವಕಲ್ಯಾಣದ ನಮ್ಮ ಓಣಿಯ ಸಣ್ಣ ಹುಡುಗರಿಗೂ ಬಾಯಿಪಾಠವಾಗಿದ್ದ ಆ ‘ಯಪ್ಪಾ... ಯವ್ವಾ... ಸತ್ತೆನವ್ವಾ...’ ಎಂಬ ನರಳಿಕೆ ನನ್ನದು. ಕಟ್ಟಿದವನೂ ನಾನೇ, ಆಡಿದವನೂ ನಾನೇ. ಹೆಸರು ಮಾತ್ರ ಆಕೆಗೆ ಹೋಯಿತು.

ನನಗಾಗ ಹತ್ತೊಂಬತ್ತು. ಪಿಯುಸಿಯಲ್ಲಿ ಎರಡನೇ ಸಲ ಡುಮ್ಕಿ ಹೊಡೆದು ಮನೆಯಲ್ಲಿದ್ದೆ. ದೇವರು ಬುದ್ಧಿ ಹಂಚುವಾಗ ನಾನು ಎಲ್ಲಿ ಹೋಗಿದ್ದೆನೋ, ನನ್ನ ಪಾಲಿಗೆ ಬರೀ ಗಂಟಲು ಉಳಿದಿತ್ತು. ಹುಮನಾಬಾದ್ ಬಸ್ಸಿನ ಕಂಡಕ್ಟರು, ಚಿಟಗುಪ್ಪದಿಂದ ಮೆಣಸಿನಕಾಯಿ ತರುವ ವ್ಯಾಪಾರಿ, ನಮ್ಮ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ಮಾತಿನ ಬದಲು ಕೆಮ್ಮುವ ಅಣ್ಣ, ಯಾರನ್ನೂ ನಾನು ಬಿಟ್ಟಿರಲಿಲ್ಲ. ಬೇರೆ ಯಾರೂ ಸಿಗದ ದಿನ ರಿಸಲ್ಟ್ ನೋಡಿಕೊಂಡು ಮನೆಗೆ ಬರುವ ನನ್ನದೇ ನಡಿಗೆಯನ್ನು ಮಾಡಿ ತೋರಿಸುತ್ತಿದ್ದೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗೆ ಬೀಳುತ್ತಿತ್ತು.

ವೈನಿ ಘಾಟಬೋರಾಳದ ರೈತರ ಮನೆಯಿಂದ ಬಂದವಳು. ನಮ್ಮ ಕಡೆ ಸೊಸೆಯನ್ನು ಅಳೆಯುವುದು ಕಣ್ಣಿನಿಂದಲ್ಲ, ಕಿವಿಯಿಂದ. ಬೆಳಗಾದರೆ ಮನೆಮನೆಯಲ್ಲೂ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಗೋಡೆಯ ಆಚೆ ಕೂತೇ ಇದು ಇಂಥವರ ಕೈ, ಇವರಿಗೆ ಇವತ್ತು ಸಿಟ್ಟು ಬಂದಿದೆ, ಇವರು ನಿದ್ದೆಗಣ್ಣಿನಲ್ಲಿದ್ದಾರೆ ಎಂದು ಹೇಳುವ ಹೆಂಗಸರಿದ್ದರು. ಬಂದ ಹೊಸದರಲ್ಲಿ ವೈನಿಯ ಕೈ ಎಷ್ಟು ಸಮವಾಗಿ ಬೀಳುತ್ತಿತ್ತೆಂದರೆ, ನಮ್ಮವ್ವ ಅಕ್ಕಿ ಹಸನು ಮಾಡುವ ನೆಪದಲ್ಲಿ ಹೊರಗಿನ ಕಟ್ಟೆಗೆ ಬಂದು ಕೂರುತ್ತಿದ್ದಳು, ಹೋಗಿ ಬರುವವರು ಹೊಗಳುವುದನ್ನು ಕೇಳಲು.

ಮಗು ಹುಟ್ಟಿದ ಮರುವರ್ಷ ಆ ಸಪ್ಪಳ ಮುರಿಯತೊಡಗಿತು. ಎರಡು ಏಟು, ತಡೆ, ಮತ್ತೊಂದು ಏಟು. ಓಣಿ ಕಿವಿ ನಿಮಿರಿಸಿತು. ಅವ್ವ ಕೇಳಿದ್ದಕ್ಕೆ ವೈನಿ, “ಮೈಯೆಲ್ಲಾ ಯಾರೋ ಕುಟ್ಟಿಧಂಗ ಆಗ್ತದ್ರಿ ಅತ್ತೀ. ರಾತ್ರಿ ಎಲ್ಲಾ ಮಲಗಿದ್ರೂ ಮಲಗೇ ಇಲ್ಲ ಅನ್ನಸ್ತದ” ಎಂದಳು. ಬಾವಿಲ್ಲ, ಜ್ವರವಿಲ್ಲ, ಎಲ್ಲೂ ಒಂದು ಗೆರೆ ಕೆಂಪಾಗಿಲ್ಲ. ಹೋಗಲಿ ಎಂದರೆ ದಿನಾಲೂ ಒಂದೇ ತರವೂ ಅಲ್ಲ. ನೆಂಟರು ಬಂದ ಒಂದು ದಿನ ಬುಟ್ಟಿ ತುಂಬ ರೊಟ್ಟಿ ಬಡಿದಳು. ಮರುದಿನ ಚಹಾದ ಬಸಿ ಕೈಯಿಂದ ಜಾರಿ ಬಿತ್ತು.

“ನಿನ್ನಿ ಆಗ್ತದ, ಇವತ್ತ ಆಗಂಗಿಲ್ಲ!” ಅವ್ವ ಕಟ್ಟೆಯ ಮೇಲಿನಿಂದಲೇ ಒದರಿದಳು. “ಇದ್ಯಾವ ಬ್ಯಾನಿನೋ, ಪಾಳಿ ಹಚ್ಚಿ ಬರ್ತದ!”

ಕೊನೆಗೆ ಅವ್ವ, ವೈನಿ, ನಾನು ಮೂವರೂ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆವು. ನನ್ನ ಕೆಲಸ ಚೀಲ ಹಿಡಿಯುವುದು. ರಕ್ತ ನೋಡಿದರು, ಎಕ್ಸ್‌ರೇ ತೆಗೆದರು, ಎಲ್ಲವೂ ಸಾಫ್. ಆಮೇಲೆ ಡಾಕ್ಟರು ಹೆಬ್ಬೆರಳಿನಿಂದ ಆಕೆಯ ಕತ್ತಿನ ಬುಡ, ಹೆಗಲು, ಮೊಣಕೈ, ಮೊಣಕಾಲಿನ ಪಕ್ಕ ಒಂದೊಂದೇ ಕಡೆ ಮೆಲ್ಲಗೆ ಒತ್ತಿದರು. ವೈನಿಯ ಕಣ್ಣು ತುಂಬಿತು, ಬಾಯಿ ತೆರೆಯಲಿಲ್ಲ. ಡಾಕ್ಟರು ಕನ್ನಡಕ ತೆಗೆದು, “ಇದಕ್ಕ ಫೈಬ್ರೊಸೈಟಿಸ್ ಅಂತಾರಮ್ಮಾ. ಎಕ್ಸ್‌ರೇದಾಗ ಕಾಣಂಗಿಲ್ಲ. ಆದ್ರ ಬ್ಯಾನಿ ಖರೇ ಅದ. ಬಿಸಿನೀರಿಂದ ಮೈ ಕಾಸ್ರಿ, ಜರಾ ನಡದಾಡ್ಲಿ, ಜರಾ ಆರಾಮ ತಗೊಳ್ಳಿ. ಮತ್ತ ಮನ್ಯಾಗ ಯಾರೂ ಬೈಬ್ಯಾಡ್ರಿ” ಎಂದರು. ಈಗೀಗ ಅದಕ್ಕೆ ಫೈಬ್ರೊಮಯಾಲ್ಜಿಯಾ ಎಂದು ಹೊಸ ಹೆಸರಿಟ್ಟಿದ್ದಾರಂತೆ. ನೋವಿಗೆ ಹೆಸರು ಬದಲಾದದ್ದು ಇನ್ನೂ ತಿಳಿದಂತಿಲ್ಲ.

ಡಾಕ್ಟರ ಮಾತಿನಲ್ಲಿ ಅವ್ವನ ಕಿವಿಗೆ ಬಿದ್ದದ್ದು ಮೊದಲ ಅರ್ಧ. ‘ಕಾಣಂಗಿಲ್ಲ’ ಎಂಬುದು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ‘ಇಲ್ಲ’ ಆಗಿತ್ತು. ಬಸ್ಸಿನಲ್ಲಿ ನಾನು ಡಾಕ್ಟರು ಕನ್ನಡಕ ತೆಗೆಯುವುದನ್ನು ಮಾಡಿ ತೋರಿಸಿದೆ. ವೈನಿಯೂ ನಕ್ಕಳು. ನಗುತ್ತ ಪಕ್ಕೆ ಹಿಡಿದುಕೊಂಡಳು. ನನ್ನ ನಕಲು ಅಷ್ಟು ಚೆನ್ನಾಗಿತ್ತು ಎಂದುಕೊಂಡು ನಾನು ಇನ್ನೊಂದು ಸಲ ಮಾಡಿದೆ. ನೋಡಿ, ನನ್ನ ಜಾಣತನ!

ಮನೆಗೆ ಬಂದರೆ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕಾಯುತ್ತಿದ್ದರು. ವೈನಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಡಾಕ್ಟರನ್ನು ಮಾಡಿದೆ, ನಕ್ಕರು. ಇನ್ನೂ ನಗಲಿ ಎಂಬ ಆಸೆಗೆ ವೈನಿಯನ್ನೂ ಮಾಡಿದೆ. ನೆಲದಿಂದ ಏಳುವುದು, ಗೋಡೆ ಹಿಡಿಯುವುದು, ಒಂದು ಕಾಲು ಮುಂದಿಟ್ಟು ನಿಲ್ಲುವುದು. ಬರೀ ಇಷ್ಟಕ್ಕೆ ಯಾರೂ ನಗಲಿಲ್ಲ. ಆಟ ಸಪ್ಪೆಯಾಗುತ್ತಿದೆ ಅನ್ನಿಸಿ ಆ ನರಳಿಕೆಯನ್ನು ಸೇರಿಸಿದೆ. ಕಟ್ಟೆಯೇ ಉರುಳುವ ಹಾಗೆ ನಕ್ಕರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, “ನೋಡ್ರೆವ್ವಾ! ಈ ಮಂಗ್ಯಾನ ಮೈಯಾಗ ಒಂದ ಮುಳ್ಳೂ ಚುಚ್ಚಿಲ್ಲ. ಹ್ಯಾಂಗ ನರಳ್ತಾನ ನೋಡ್ರಿ! ನರಳಾಕ ಬ್ಯಾನಿ ಬೇಕಂತೇನಿಲ್ಲ” ಎಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದಲ್ಲ!

ಎಕ್ಸ್‌ರೇಗೂ ಆಗದ್ದನ್ನು ನಾನು ಮಾಡಿದ್ದೆ. ನೋವಿಲ್ಲದೆ ನರಳಬಹುದು ಎಂಬುದಕ್ಕೆ ಓಣಿಗೆ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿತ್ತು. ಅಂದಿನಿಂದ ವೈನಿ ನೀರಿಗೆ ಹೋದರೆ ಹುಡುಗರು ಹಿಂದಿನಿಂದ ‘ಯಪ್ಪಾ... ಯವ್ವಾ...’ ಎನ್ನುತ್ತಿದ್ದರು. ಅವ್ವ ಘಾಟಬೋರಾಳಕ್ಕೆ ಹೇಳಿ ಕಳಿಸಿದಳು: ಆರಾಮ ಆಗುವ ತನಕ ನಿಮ್ಮ ಮಗಳನ್ನು ಕರೆದುಕೊಂಡು ಹೋಗಿರಿ. ಆರಾಮ ಆಗುವ ತನಕ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಊಟಕ್ಕೆ ಕೂತಾಗ ನಿರ್ಣಾದಲ್ಲಿರುವ ದೂರದ ಸಂಬಂಧದ ಹುಡುಗಿಯೊಬ್ಬಳ ಗಟ್ಟಿ ಮೈಕಟ್ಟಿನ ಮಾತು ಆಗಲೇ ಶುರುವಾಗಿತ್ತು. ಅಣ್ಣ ಕೆಮ್ಮಿ ಅಂಗಡಿಗೆ ಹೋಗುತ್ತಿದ್ದ.

ಹಾಗೆಂದು ಅವ್ವ ಕೆಟ್ಟವಳಲ್ಲ. ತಿಂಗಳಿಗೊಮ್ಮೆ ಆಕೆಗೆ ಅರೆತಲೆ ಶೂಲೆ ಏಳುತ್ತಿತ್ತು. ಆಗ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಕತ್ತಲೆ ಕೋಣೆ ಸೇರುತ್ತಿದ್ದಳು. ಮನೆಯಲ್ಲಿ ಯಾರೂ ಚಮಚದ ಸಪ್ಪಳ ಸಹ ಮಾಡುವಂತಿರಲಿಲ್ಲ. ಒಣ ಸುಂಠಿ ತೇಯ್ದು ಹಣೆಗೆ ಹಚ್ಚಿ, ತಲೆ ಒತ್ತುತ್ತ ಕೂರುತ್ತಿದ್ದವಳು ವೈನಿ. ಹೆಗಲು ಎತ್ತಲು ಬಾರದ ದಿನಗಳಲ್ಲೂ.

ಬೀಗರು, ಅಂದರೆ ವೈನಿಯ ಅಪ್ಪ, ಬರುವುದಕ್ಕೆ ಎರಡು ದಿನ ಮೊದಲು, ನಸುಕಿನಲ್ಲಿ, ನಾನು ಪಡಸಾಲೆಯಲ್ಲಿ ಚಾದರ ಹೊದ್ದು ನಿದ್ದೆಯ ನಾಟಕ ಮಾಡುತ್ತಿದ್ದೆ. ಎದ್ದರೆ ನೀರು ತರುವ ಕೆಲಸ ಬೀಳುತ್ತದಲ್ಲ. ಎದುರಿನ ಅಡುಗೆಮನೆಯಲ್ಲಿ ಮಲಗಿದ್ದ ವೈನಿ ಎದ್ದಳು. ಮೊದಲು ಮಗ್ಗುಲಾದಳು, ಆಮೇಲೆ ಗೋಡೆಗೆ ಅಂಗೈಯಲ್ಲ, ಮುಂಗೈ ಊರಿ ಮೇಲೆದ್ದಳು. ಮೊಣಕಾಲು ಒಪ್ಪುವವರೆಗೆ ಹಾಗೇ ನಿಂತಳು. ಕೊಡ ಎತ್ತಲಾಗದೆ ತಂಬಿಗೆ ತಂಬಿಗೆಯಾಗಿ ನೀರು ಬಗ್ಗಿಸಿಕೊಂಡು ಹಿಟ್ಟು ನಾದಿದಳು. ಒಂದು ಉಸಿರೂ ಜೋರಾಗಿ ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವ್ವ ಆಕಳಿಸಿದ ಸಪ್ಪಳ ಕೇಳಿತು. ವೈನಿ ಕಣ್ಣೊರೆಸಿ, ಸೆರಗು ಸರಿ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತುಬಿಟ್ಟಳು.

ನಾನು ಈ ಕಸುಬಿನವನು. ನಾಟಕ ಆಡುವವನಿಗೆ ನೋಡುವವರು ಬೇಕು, ಗೋಡೆಯ ಮುಂದೆ ಯಾವ ಹುಚ್ಚನೂ ಆಡುವುದಿಲ್ಲ. ವೈನಿ ನಾಟಕ ಆಡುತ್ತಿದ್ದುದು ನಿಜ. ಆದರೆ ಅವ್ವ ಹೇಳಿದ್ದರ ಉಲ್ಟಾ. ಯಾರೂ ಇಲ್ಲದಾಗ ನೋವು, ಜನರ ಮುಂದೆ ಆರಾಮದ ನಾಟಕ.

ನಾನು ಚಾದರ ಸರಿಸಿ ಎದ್ದು ಕೂತೆ. “ವೈನಿ, ಇಷ್ಟ ತ್ರಾಸ ಇದ್ರ ಬಾಯಿಬಿಟ್ಟ ಹೇಳಬಾರದೇನ್ರಿ?”

ಆಕೆ ಹಿಟ್ಟಿನಿಂದ ಕೈ ತೆಗೆಯಲಿಲ್ಲ. “ಹೇಳೀನಲ್ಲ ತಮ್ಮಾ. ನನಕಿಂತ ನೀವು ಛಂದ ಹೇಳ್ತೀರಿ. ಎಲ್ಲಾರೂ ನಿಮ್ಮದೇ ಕೇಳ್ತಾರ.”

ಅಂದು ಮೊದಲ ಬಾರಿಗೆ ಯಾರೂ ಹೇಳದೆ ನೀರು ತಂದೆ.

ಬೀಗರು ಬಂದರು. ಪಡಸಾಲೆಯಲ್ಲಿ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ವೈನಿಯ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು. ಅವ್ವ ನನ್ನನ್ನು ಕರೆದು, “ಬಾರೋ, ನಿಮ್ಮ ವೈನಿ ಹ್ಯಾಂಗ ಏಳ್ತಾಳ, ಬೀಗರಿಗಿ ಒಮ್ಮಿ ಮಾಡಿ ತೋರಸು. ಅವರೂ ನೋಡ್ಲಿ” ಎಂದಳು.

ಮಾಡಿ ತೋರಿಸಿದೆ. ನಸುಕಿನಲ್ಲಿ ಕಂಡದ್ದನ್ನು ಕಂಡ ಹಾಗೆ. ಮಗ್ಗುಲಾದೆ, ಮುಂಗೈ ಊರಿದೆ, ಎದ್ದೆ, ನಿಂತೆ, ಕಣ್ಣೊರೆಸಿ ಬೆನ್ನು ನೆಟ್ಟಗೆ ಮಾಡಿದೆ. ಒಬ್ಬರೂ ನಗಲಿಲ್ಲ. ಬೀಗರು ರುಮಾಲಿನ ಅಂಚು ತಿರುವತೊಡಗಿದರು.

“ನರಳಿಕಿ ಎಲ್ಲಿ ಹೋತೋ?” ಅವ್ವ ಗದರಿದಳು.

“ಅದು ನಂದವ್ವಾ. ನಗಲಿ ಅಂತ ನಾ ಸೇರಿಸಿದ್ದು. ವೈನಿ ನರಳಿದ್ದ ನೀ ಎಂದಾರ ಕೇಳೀಯೇನು?”

ಅವ್ವ ಅಣ್ಣನ ಕಡೆ ತಿರುಗಿದಳು. ನಾನು ಇಲ್ಲದ ಕನ್ನಡಕ ತೆಗೆದು ಡಾಕ್ಟರ ದನಿಯಲ್ಲಿ ಅವರ ಮಾತನ್ನು ಪೂರ್ತಿ ಹೇಳಿದೆ, ಅವ್ವ ಹುಮನಾಬಾದಿನಲ್ಲೇ ಬಿಟ್ಟು ಬಂದಿದ್ದ ಉಳಿದರ್ಧವನ್ನೂ ಸೇರಿಸಿ. ಬೈಬ್ಯಾಡ್ರಿ ಎಂಬಲ್ಲಿಗೆ ಬಂದಾಗ ಅಣ್ಣ ಕೆಮ್ಮಲಿಲ್ಲ. “ಅವ್ವಾ, ಆಕಿ ಎಲ್ಲೂ ಹೋಗಂಗಿಲ್ಲ” ಎಂದ.

ಅವ್ವ ಅಷ್ಟು ಸುಲಭಕ್ಕೆ ಸೋಲುವವಳೇ? “ಕಣ್ಣಿಗಿ ಕಾಣಲಾರದ್ದು ನಾ ಹ್ಯಾಂಗ ನಂಬಲಿ? ಎಲ್ಲಿ ಅದ ತೋರಸು ಅಂದ್ರ ಮೈಯೆಲ್ಲಾ ಅಂತಾಳ!”

ಆ ಸಂಜೆ ಬೀಗರು ಬಂದ ದಾರಿಯಲ್ಲಿ ಒಬ್ಬರೇ ಹೋದರು. ವೈನಿಯ ನೋವು ಹೋಗಲಿಲ್ಲ, ಇಂದಿಗೂ ಇದೆ. ಕೆಟ್ಟ ದಿನಗಳಲ್ಲಿ ರೊಟ್ಟಿ ಬಡಿಯುವವನು ನಾನು. ಆ ಸಪ್ಪಳ ಕೇಳಿ ಈಗ ಓಣಿ ನನ್ನ ನಕಲು ಮಾಡುತ್ತದೆ. ಯಾರ ಮನೆಯ ಸೊಸೆಗಾದರೂ ‘ಎಲ್ಲಿ ಅದ ಬ್ಯಾನಿ, ಕಾಣಂಗಿಲ್ಲಲ್ಲ’ ಎಂದರೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೋಗುವವಳು ನಮ್ಮವ್ವನೇ. ಇದು ನನ್ನ ನಕಲಿನಿಂದಾಗಲಿ ಡಾಕ್ಟರ ಇಂಗ್ಲಿಷಿನಿಂದಾಗಲಿ ಆದದ್ದಲ್ಲ. ಅವ್ವ ‘ತೋರಸು’ ಎಂದಾಗ ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಹಿರಿಯರ ಮುಂದೆ ಆಕೆ ತಾನಾಗಿ ಮಾತಾಡಿದ್ದು ಅದೇ ಮೊದಲು, ದನಿಯನ್ನೂ ಏರಿಸಲಿಲ್ಲ:

“ಅತ್ತೀ, ನಿಮ್ಮ ತಲಿ ಶೂಲಿ ಎದ್ದಾಗೆಲ್ಲಾ ಸುಂಠಿ ತೇಯ್ದ ಹಚ್ಚೀನಿ. ಎಲ್ಲಿ ಅದ ತೋರಸ್ರಿ ಅಂತ ಒಂದ ದಿನಾರ ಕೇಳೀನೇನ್ರಿ?”