ತಕ್ಕಡಿ ಟೀಚರ್

ಎಂಬತ್ತರ ದಶಕದಲ್ಲಿ ನರೋಣಾ ಎಂಬ ಊರಿನ ಅಂಗನವಾಡಿ ನಡೆಸುತ್ತಿದ್ದ ಶಿವಕಾಂತಾ ಟೀಚರಿಗೆ ಕೂಸು ಕಂಡರೆ ತೂಗಿ ನೋಡದೆ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆಗೆ ಹೋದರೂ ಮದುಮಗನ ಮುಖ ಬಿಟ್ಟು ತೋಳಿನ ದಪ್ಪ ನೋಡುತ್ತಿದ್ದರು. ತಿಂಗಳಿಗೊಮ್ಮೆ ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ, ಅದರ ಚೀಲದಲ್ಲಿ ಮಕ್ಕಳನ್ನು ಕೂಡಿಸಿ ತೂಗುವ ದಿನವಂತೂ ಅವರಿಗೆ ಹಬ್ಬ. ತೂಕ ತಪ್ಪಬಾರದೆಂದು ಬೆಳ್ಳಿ ಉಡದಾರ, ತಾಯಿತ, ಕಾಲ್ಗಡಗ ಎಲ್ಲವನ್ನೂ ಬಿಚ್ಚಿಸುತ್ತಿದ್ದರು. ಓಣಿಯಲ್ಲಿ ಅವರನ್ನು ಕಂಡರೆ ಸಾಕು, ಮಕ್ಕಳು ತಾವೇ ಚಡ್ಡಿ ಕಳಚಿ ನಿಲ್ಲುತ್ತಿದ್ದರು. ತೂಗಿದರೆ ದೃಷ್ಟಿಯಾಗುತ್ತದೆಂದು ಯಾರಾದರೂ ಗೊಣಗಿದರೆ, "ನಾನೇ ತೆಗೀತೇನಿ ತಗೋರಿ" ಎಂದು ಉಪ್ಪು ನಿವಾಳಿಸಿಯೇ ಕೂಸನ್ನು ಚೀಲಕ್ಕೆ ಇಳಿಸುತ್ತಿದ್ದರು. ಆದರೆ ಯಾವ ಸರ್ಕಾರವೂ ಬರೆಯದ ಕಾನೂನೊಂದು ಅವರಲ್ಲಿತ್ತು: ಮನೆಯ ಹೆಣ್ಣುಮಗು ಬರದೆ ಗಂಡುಮಗುವನ್ನು ತೂಗುತ್ತಿರಲಿಲ್ಲ. ತಮ್ಮಂದಿರು ಉಂಡು ಮಿಕ್ಕಿದ್ದನ್ನೇ ಉಂಡು ಬೆಳೆದವರು ಅವರು. ಒಮ್ಮೆ ಗಂಗುಬಾಯಿ ಎಂಬ ಮುದುಕಿ ಮೊಮ್ಮಗನೊಬ್ಬನನ್ನೇ ಎತ್ತಿಕೊಂಡು ಬಂದಾಗ, "ಅಕ್ಕನ್ನ ಬಿಟ್ಟು ತಮ್ಮನ್ನ ತೂಗಿದ್ರ ತಕ್ಕಡಿ ಸುಳ್ಳು ಹೇಳ್ತದ, ಆಯಿ" ಎಂದುಬಿಟ್ಟರು. ಮುದುಕಿ ಸಿಡಿಮಿಡಿಗೊಂಡು ಮೊಮ್ಮಗಳನ್ನೂ ಕರೆತಂದಳು. ಇಬ್ಬರನ್ನೂ ತೂಗಿದರೆ, ಎರಡು ವರ್ಷ ದೊಡ್ಡವಳಾದ ಅಕ್ಕ ತಮ್ಮನಿಗಿಂತ ಹಗುರವಾಗಿದ್ದಳು. ಗಂಗುಬಾಯಿಯ ಮುಖ ಇಳಿದುಹೋಯಿತು. ಟೀಚರ್ ಬೈಯಲಿಲ್ಲ. ಶೇಂಗಾ-ಬೆಲ್ಲದ ಉಂಡೆಯೊಂದನ್ನು ಮುದುಕಿಯ ಅಂಗೈಗಿಟ್ಟು, "ಈಕಿಗೆ ನಿಮ್ಮ ಕೈಲೇ ತಿನಸ್ರಿ. ದಿನಾ ತಿನಸ್ರಿ" ಎಂದಷ್ಟೇ ಹೇಳಿದರು. ಕೆಲವು ತಿಂಗಳ ಮೇಲೆ ಗಂಗುಬಾಯಿ ಮತ್ತೆ ಬಂದಾಗ ಟೊಂಕದ ಮೇಲೆ ಮೊಮ್ಮಗಳಿದ್ದಳು. ಮೊಮ್ಮಗ ಸೆರಗು ಹಿಡಿದು ನಡೆದು ಬರುತ್ತಿದ್ದ. "ಮದಲ ಈಕಿನ್ನ ತೂಗ್ರಿ ಬಾಯಾರ," ಎಂದು ಏದುಸಿರು ಬಿಡುತ್ತ ನಕ್ಕಳು, "ಎಷ್ಟು ತೂಕ ಏರ್ಯಾಳಂತ ನನ್ನ ಟೊಂಕಕ್ಕ ಆಗಲೇ ಗೊತ್ತಾಗ್ಯದ!"